ಎಲ್ಮ್‌ವೇಲ್ ನೀರಿಗೆ ಹೊರಡುವ ಮುನ್ನ

ಕೆನಡಾದ ಟೊರಾಂಟೊ ಕಡೆಗೆ ಹೊಸದಾಗಿ ಬಂದವರು ಮೊದಲ ತಿಂಗಳಲ್ಲೇ ಒಂದು ದೂರು ಹೇಳುತ್ತಾರೆ: "ಕಾಫಿ ಯಾಕೋ ಸರಿ ಬರ್ತಿಲ್ಲ." ಪುಡಿ ಊರಿಂದ ತಂದದ್ದು, ಫಿಲ್ಟರ್ ಅಮ್ಮ ಕೊಟ್ಟದ್ದು. ಹಾಗಾದರೆ ತಪ್ಪು ನೀರಿನದ್ದೇ ಇರಬೇಕು, ಅಲ್ವಾ? ಅಷ್ಟರಲ್ಲಿ ಯಾರೋ ಒಬ್ಬರು, "ಎಲ್ಮ್‌ವೇಲ್‌ಗೆ ಹೋಗಿ ನೀರು ತನ್ನಿ" ಅನ್ನುತ್ತಾರೆ. ಟೊರಾಂಟೊದ ಉತ್ತರಕ್ಕಿರುವ ಆ ಸಣ್ಣ ಊರಿನ ಬಳಿ ನೆಲದಿಂದ ತಾನಾಗಿ ಉಕ್ಕುವ ನೀರಿದೆ. ನನಗೂ ಹಾಗೇ ಹೇಳಿದ್ದರು. ಅಂದಿನಿಂದ ಹೋಗಿಬರುತ್ತಲೇ ಇದ್ದೇನೆ. ನೀವೂ ಹೋಗುವುದಾದರೆ ಕೆಲವು ವಿಷಯ ತಿಳಿದುಕೊಂಡು ಹೋಗಿ.

ಮೊದಲೇ ಹೇಳಿಬಿಡುತ್ತೇನೆ, ಟೊರಾಂಟೊದ ನಲ್ಲಿ ನೀರಿನಲ್ಲಿ ದೋಷವಿಲ್ಲ. ಒಂಟಾರಿಯೊ ಸರೋವರದ ನೀರನ್ನು ಶುದ್ಧ ಮಾಡಿ, ಪರೀಕ್ಷೆ ಮಾಡಿಯೇ ಕೊಡುತ್ತಾರೆ. ಕ್ಲೋರಿನ್ ಜೊತೆ ಅಮೋನಿಯಾ ಸೇರಿಸುವುದರಿಂದ ನೀರಿನ ಕ್ಲೋರಿನ್ ವಾಸನೆ ಬೇಗ ಬಿಡುವುದಿಲ್ಲ. ರಾತ್ರಿಯಿಡೀ ಕೊಡದಲ್ಲಿ ತೆರೆದಿಡುವ ನಮ್ಮ ಹಳೆಯ ಉಪಾಯ ಇಲ್ಲಿ ಅಷ್ಟಾಗಿ ನಡೆಯದು. ವಾಸನೆಯೊಂದೇ ತೊಂದರೆಯಾದರೆ ಕಾರ್ಬನ್ ಫಿಲ್ಟರ್ ಇರುವ ಜಗ್ ತನ್ನಿ, ಬಹಳ ಮಟ್ಟಿಗೆ ಸರಿಹೋಗುತ್ತದೆ. ಎಲ್ಮ್‌ವೇಲ್‌ಗೆ ಹೋಗಬೇಕಾದ್ದು ನಲ್ಲಿ ನೀರಿಗೆ ಹೆದರಿ ಅಲ್ಲ. ಆ ನೀರು ನಿಜಕ್ಕೂ ಅಪರೂಪದ್ದು, ಅದಕ್ಕೆ.

ಹೈವೇ 400 ಹಿಡಿದು ಉತ್ತರಕ್ಕೆ ಬ್ಯಾರಿ ನಗರದ ತನಕ, ಅಲ್ಲಿಂದ ರಸ್ತೆ 27ರಲ್ಲಿ ಎಲ್ಮ್‌ವೇಲ್ ದಾಟಿ ಸ್ವಲ್ಪ ಮುಂದೆ. ಟ್ರಾಫಿಕ್ ಇಲ್ಲದಿದ್ದರೆ ಒಂದೂವರೆ ಗಂಟೆ ಚಿಲ್ಲರೆ. ಹೊಲಗಳ ನಡುವೆ, ರಸ್ತೆ ಪಕ್ಕದಲ್ಲಿ ಒಂದು ಸಣ್ಣ ಗೂಡು. ಅಲ್ಲಿನ ಕೊಳವೆಯಿಂದ ನೀರು ಸದಾ ಸುರಿಯುತ್ತಲೇ ಇರುತ್ತದೆ. ತಿರುಗಿಸಿ ನಿಲ್ಲಿಸೋಣ ಎಂದು ಹೊಸಬರು ಹುಡುಕಾಡುತ್ತಾರೆ, ನಾನೂ ಹುಡುಕಿದ್ದೆ. "ಅಯ್ಯೋ, ಪೋಲಾಗ್ತಿದೆಯಲ್ಲಾ" ಅಂತ ಜೀವ ಚುರುಕ್ ಅನ್ನುತ್ತದೆ. ಇದು ಪಂಪ್ ಹಾಕಿ ಎತ್ತಿದ ನೀರಲ್ಲ. ನೆಲದಡಿಯ ಮರಳು, ಜಲ್ಲಿಯ ಪದರದಲ್ಲಿರುವ ನೀರನ್ನು ಮೇಲಿನ ಜೇಡಿಮಣ್ಣು ಒತ್ತಿ ಹಿಡಿದಿರುತ್ತದೆ. ಆ ಪದರಕ್ಕೆ ನೀರು ಇಳಿಯುವುದು ಸುತ್ತಲಿನ ಎತ್ತರದ ನೆಲದಿಂದ. ಹಾಗಾಗಿ ತಗ್ಗಿನಲ್ಲಿ ದಾರಿ ಸಿಕ್ಕರೆ ತಾನಾಗಿಯೇ ಮೇಲೆ ಚಿಮ್ಮುತ್ತದೆ. ಬೆಂಗಳೂರಿನಲ್ಲಿ ಸಾವಿರ ಅಡಿ ಬೋರ್ ಕೊರೆಸಿ ಬರೀ ಧೂಳು ಕಂಡವರಿಗೆ ಇದನ್ನು ನೋಡಿದರೆ ಹೊಟ್ಟೆಯುರಿ ಆಗುವುದು ಸಹಜ.

ವಿಲಿಯಂ ಶಾಟಿಕ್ ಎಂಬ ವಿಜ್ಞಾನಿ ಈ ಭಾಗದ ಅಂತರ್ಜಲವನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಇದರಲ್ಲಿನ ಸೀಸದ ಪ್ರಮಾಣ ಆರ್ಕ್‌ಟಿಕ್ ಭಾಗದ ಸಾವಿರಾರು ವರ್ಷ ಹಳೆಯ ಮಂಜುಗಡ್ಡೆಗೆ ಹೋಲಿಸುವಷ್ಟು ಕಡಿಮೆ. ಅವರೇ 2006ರಲ್ಲಿ ಇನ್ನೊಂದು ವಿಷಯ ಪ್ರಕಟಿಸಿದರು. ಪೆಟ್ ಎಂಬ ಪ್ಲಾಸ್ಟಿಕ್ಕಿನ ಬಾಟಲಿಯಲ್ಲಿ ತುಂಬಿಟ್ಟ ನೀರಿಗೆ ಪ್ಲಾಸ್ಟಿಕ್‌ನಿಂದ ಆಂಟಿಮನಿ ಎಂಬ ಲೋಹದಂಥ ವಸ್ತು ಸ್ವಲ್ಪ ಸ್ವಲ್ಪ ಇಳಿಯುತ್ತದೆ, ದಿನ ಕಳೆದಂತೆ ಜಾಸ್ತಿಯಾಗುತ್ತದೆ. ಸುರಕ್ಷತೆಯ ಮಿತಿಗಿಂತ ಅದು ಎಷ್ಟೋ ಕೆಳಗೇ ಇತ್ತು, ಗಾಬರಿ ಬೇಡ. ಆದರೂ ಇಷ್ಟು ದೂರ ಬಂದು, ಇಂಥ ನೀರನ್ನು ಹಳೆಯ ಕೋಲಾ ಬಾಟಲಿಗೆ ತುಂಬುವವರನ್ನು ಕಂಡರೆ ನನಗೆ ಸಂಕಟ. ಗಾಜಿನ ಭರಣಿಯೋ ಸ್ಟೀಲ್ ಕ್ಯಾನೋ ಇದ್ದರೆ ಒಳ್ಳೆಯದು. ದೊಡ್ಡ ನೀರಿನ ಜಗ್ ತರುವುದಾದರೆ ಮನೆಯಲ್ಲೇ ತೊಳೆದು ಒಣಗಿಸಿ ತನ್ನಿ. ತಂದ ನೀರನ್ನು ಬಿಸಿಲು ಬೀಳದ ಕಡೆ ಇಡಿ, ಇಲ್ಲವಾದರೆ ಒಳಗೆ ಪಾಚಿ ಕಟ್ಟುತ್ತದೆ.

ಒಂದು ಎಚ್ಚರಿಕೆ. ಸೀಸ ಇಲ್ಲ ಅಂದರೆ ರೋಗಾಣು ಇಲ್ಲ ಅಂತ ಅರ್ಥವಲ್ಲ. ಇದು ಕ್ಲೋರಿನ್ ಹಾಕದ ನೀರು, ಮೇಲಾಗಿ ನೂರು ಜನರ ಕೈ ಆಡುವ ಜಾಗ. ಇದೇ ಒಂಟಾರಿಯೊ ಪ್ರಾಂತ್ಯದ ವಾಕರ್ಟನ್ ಊರಿನಲ್ಲಿ 2000ನೇ ಇಸವಿ ಮೇ ತಿಂಗಳಲ್ಲಿ ಬಾವಿಗೆ ದನದ ಗೊಬ್ಬರದ ರೋಗಾಣು ಸೇರಿ 7 ಜನ ಸತ್ತರು, 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನೋಡಲು ತಿಳಿಯಾಗಿದೆ ಎಂಬುದು ಲೆಕ್ಕಕ್ಕಿಲ್ಲ. ಕೈಕೂಸಿಗೆ, ಬಸುರಿಯರಿಗೆ, ಕಾಯಿಲೆಯಲ್ಲಿರುವವರಿಗೆ ಕುದಿಸಿ ಆರಿಸಿ ಕೊಡಿ. ಟೊರಾಂಟೊ ನೀರಿಗೆ ಫ್ಲೋರೈಡ್ ಸೇರಿಸುತ್ತಾರೆ, ಇದಕ್ಕೆ ಸೇರಿಸುವುದಿಲ್ಲ. ಮಕ್ಕಳು ಬರೀ ಈ ನೀರನ್ನೇ ಕುಡಿಯುವುದಾದರೆ ಹಲ್ಲಿನ ಡಾಕ್ಟರಿಗೆ ಒಂದು ಮಾತು ಹೇಳಿ.

ಅಲ್ಲಿ ದುಡ್ಡು ಕೇಳುವವರಿಲ್ಲ, ಕಾವಲುಗಾರರೂ ಇಲ್ಲ. ಹಾಗಂತ ವ್ಯಾನ್ ತುಂಬ ಇಪ್ಪತ್ತು ಜಗ್ ತಂದು ಅರ್ಧ ಗಂಟೆ ಜಾಗ ಹಿಡಿಯಬೇಡಿ. ಜಾಸ್ತಿ ಇದ್ದರೆ ಎರಡು ತುಂಬಿ, ಹಿಂದಿನವರಿಗೆ ಬಿಟ್ಟು, ಮತ್ತೆ ಸಾಲಿಗೆ ನಿಲ್ಲಿ. ಜಗ್ಗಿನ ಬಾಯಿಯನ್ನು ಕೊಳವೆಗೆ ತಾಗಿಸಬೇಡಿ. ಕಾಲು ತೊಳೆಯುವುದು, ಬಾಯಿ ಮುಕ್ಕಳಿಸುವುದು ಬೇಡವೇ ಬೇಡ. ಹೇಳಬೇಕಾ ಅಂತ ನಿಮಗನಿಸಬಹುದು. ಹೇಳಬೇಕು, ನಾನು ನೋಡಿದ್ದೇನೆ.

ಈ ಸುತ್ತಿನ ಜನ ನೀರಿನ ವಿಷಯದಲ್ಲಿ ಸುಮ್ನೆ ಇರುವವರಲ್ಲ. ಎಲ್ಮ್‌ವೇಲ್ ಪಕ್ಕದ ಟೈನಿ ಎಂಬ ಕಡೆ, ಇಂಥದೇ ಅಂತರ್ಜಲದ ನೆತ್ತಿಯ ಮೇಲೆ ಕಸದ ಗುಂಡಿ ಮಾಡಲು ಇಲ್ಲಿನ ಸ್ಥಳೀಯ ಆಡಳಿತವಾದ ಸಿಮ್ಕೊ ಕೌಂಟಿ ಹೊರಟಿತ್ತು. ಸೈಟ್ 41 ಅಂತ ಅದರ ಹೆಸರು. 2009ರಲ್ಲಿ ಬೋಸೊಲೇ ಮೂಲನಿವಾಸಿ ಸಮುದಾಯದ ಹೆಂಗಸರು ಎದುರಿಗೇ ಡೇರೆ ಹಾಕಿ ಕೂತರು. ರೈತರು, ಬೇಸಿಗೆ ಕಳೆಯಲು ಇಲ್ಲಿ ಮನೆ ಮಾಡಿಕೊಂಡವರು ಜೊತೆಗೂಡಿದರು. ಆ ಸೆಪ್ಟೆಂಬರಿನಲ್ಲಿ ಕೌಂಟಿ ಆ ಯೋಜನೆ ಕೈಬಿಟ್ಟಿತು. ಸಾಲಿನಲ್ಲಿ ನಿಮ್ಮ ಹಿಂದೆ ನಿಂತ ಅಜ್ಜ ಆ ಡೇರೆಗೆ ಊಟ ಒಯ್ದವರೇ ಇರಬಹುದು. ಮಾತಾಡಿಸಿ.

ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟುವುದಿಲ್ಲ, ಆದರೆ ಕೆಳಗೆ ಚೆಲ್ಲಿದ್ದು ಗಾಜಿನಂತೆ ಜಾರುತ್ತದೆ. ಜಾರ್ಜಿಯನ್ ಬೇ ಎಂಬ ದೊಡ್ಡ ಕೊಲ್ಲಿಯ ಕಡೆಯಿಂದ ಹಿಮದ ಬಿರುಗಾಳಿ ಬಂದರೆ ಮುಂದಿನ ಕಾರೇ ಕಾಣದು. ಸ್ನೋ ಟೈರ್ ಇಲ್ಲದೆ ಹೋಗಬೇಡಿ. ದೊಡ್ಡ ಜಗ್ ತುಂಬಿದರೆ ಹತ್ತೊಂಬತ್ತು ಕಿಲೋ, ಅದನ್ನು ಕಾರಿನಲ್ಲಿ ಕಟ್ಟಿ ಇಡಿ. ನನ್ನ ಮೊದಲ ಜನವರಿಯಲ್ಲಿ ಬ್ಯಾರಿ ತಿರುವಿನಲ್ಲಿ ಒಂದು ಜಗ್ ಉರುಳಿತು. ಮನೆಗೆ ಬಂದು ಕಾರು ಹೊರಗೇ ನಿಲ್ಲಿಸಿದೆ. ಬೆಳಿಗ್ಗೆ ನೋಡಿದರೆ ಮ್ಯಾಟು ಹಲಗೆಯಾಗಿತ್ತು, ಕಿತ್ತರೂ ಬರಲಿಲ್ಲ. ಬೇಸಿಗೆಯೇ ಹಿತ. ಹತ್ತಿರದಲ್ಲೇ ವಸಾಗಾ ಬೀಚ್ ಇದೆ, ಮಕ್ಕಳನ್ನು ಅಲ್ಲಿ ಆಡಿಸಿ, ವಾಪಸು ಬರುವಾಗ ನೀರು ತುಂಬಿ.

ನಮ್ಮತ್ತೆ ಮಲೆನಾಡಿನ ಸಾಗರದ ಕಡೆಯವರು. ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಅಂಗಳಕ್ಕೆ ಬಂದು ಬೀಳುವ ಅಬ್ಬಿ ನೀರು ಕುಡಿದು ಬೆಳೆದವರು. ಇಲ್ಲಿಗೆ ಬಂದಾಗ ಎಲ್ಮ್‌ವೇಲ್‌ಗೆ ಕರೆದುಕೊಂಡು ಹೋಗಿದ್ದೆ. ಬೊಗಸೆಯೊಡ್ಡಿ ಕುಡಿದು, "ನಮ್ಮ ಅಬ್ಬಿ ನೀರೇ ಕಣಪ್ಪ, ಸ್ವಲ್ಪ ತಣ್ಣಗೆ ಜಾಸ್ತಿ" ಅಂದರು. ಅದೇ ನೀರಲ್ಲಿ ಅವರೇ ಡಿಕಾಕ್ಷನ್ ಇಳಿಸಿದರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ನೀರು ಚೆನ್ನಾಗಿದೆ. ನಿಮ್ಮ ಹಾಲಲ್ಲೇ ಜೀವ ಇಲ್ಲ."

ಅಲ್ಲಿವರೆಗೆ ನಾವು ಒಂದು ಪರ್ಸೆಂಟ್ ಕೊಬ್ಬಿನ ಹಾಲು ತರುತ್ತಿದ್ದೆವು. ಈಗ ಮೂರೂಕಾಲು ಪರ್ಸೆಂಟಿನ, ಇಲ್ಲಿ 'ಹೋಮೊ' ಅನ್ನುವ ಗಟ್ಟಿ ಹಾಲು ಬರುತ್ತದೆ. ನೀರೂ ಬರುತ್ತದೆ, ತಿಂಗಳಿಗೊಮ್ಮೆ, ನಾಲ್ಕು ಜಗ್.