ದೆವ್ವವಿರುವ ಊರಿಗೊಬ್ಬ ಪತ್ತೇದಾರಿ: ಕಥೆ ಕಟ್ಟುವುದು ಹೇಗೆ?

ಇಂಗ್ಲೆಂಡಿನ ಪಾದ್ರಿ, ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿಕೊಟ್ಟರು. ಅತಿಮಾನುಷ ಶಕ್ತಿಗೆ ಪ್ರವೇಶವಿಲ್ಲ ಎಂಬುದು ಅದರಲ್ಲಿ ಎರಡನೆಯದು. ಅದರಲ್ಲಿ ಅರ್ಥವಿದೆ. ದೆವ್ವ ಏನು ಬೇಕಾದರೂ ಮಾಡಬಹುದು ಎಂದಾದರೆ ಓದುಗರು ಊಹಿಸುವುದಕ್ಕೆ ಏನು ಉಳಿಯಿತು? ಆದ್ದರಿಂದ ದೆವ್ವವನ್ನು ಕಥೆಗೆ ಕರೆತರುವವರು ಮೊದಲು ಅದರ ಕೈ ಕಟ್ಟಿಹಾಕಬೇಕು.

ಕೊಲೆಗಾರ ಯಾರೆಂದು ಯೋಚಿಸುವ ಮುನ್ನವೇ ದೆವ್ವದ ನಿಯಮಗಳನ್ನು ಹಾಳೆಯ ಮೇಲೆ ಬರೆದಿಡಿ. ನಾಲ್ಕು ಸಾಕು, ಹೆಚ್ಚಾದರೆ ಓದುಗರಿಗೆ ನೆನಪಿರುವುದಿಲ್ಲ. ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ನಂಬಿಕೆಯನ್ನೇ ತೆಗೆದುಕೊಳ್ಳಿ. ದೆವ್ವ ಪರಿಚಿತರ ದನಿಯಲ್ಲಿ ಕೂಗುತ್ತದೆ, ಓಗೊಟ್ಟವರು ಸಾಯುತ್ತಾರೆ, ಬರಹ ಕಂಡರೆ ಅದು ವಾಪಸಾಗುತ್ತದೆ. ಇಷ್ಟು ಜನರ ಬಾಯಲ್ಲೇ ಇದೆ. ನಾಲ್ಕನೆಯದನ್ನು ನೀವು ಸೇರಿಸಿ: ರಾತ್ರಿಗೆ ಒಂದೇ ಮನೆ.

ಇನ್ನು ಊರು. ದೆವ್ವ ಹುಟ್ಟಿದ ಕಥೆಯನ್ನು ಪುಟಗಟ್ಟಲೆ ಹೇಳಬೇಡಿ. ಜನ ಅದರೊಂದಿಗೆ ಹೇಗೆ ಬದುಕುತ್ತಾರೆಂದು ತೋರಿಸಿ. ಕತ್ತಲಾದ ಮೇಲೆ ಬಂದ ನೆಂಟರು ಹೆಸರು ಹಿಡಿದು ಕರೆಯದೆ ಚಿಲಕ ಬಡಿಯುತ್ತಾರೆ. ಓದು ಬಾರದ ಅಜ್ಜಿಯ ಬಾಗಿಲಿಗೆ ಪಕ್ಕದ ಮನೆ ಹುಡುಗಿ ಸೀಮೆಸುಣ್ಣದಲ್ಲಿ ಬರೆದುಕೊಡುತ್ತಾಳೆ.

ಹವ್ಯಾಸಿ ಪತ್ತೇದಾರರಿಗೆ ಮರಣೋತ್ತರ ಪರೀಕ್ಷೆಯ ವರದಿಯಾಗಲಿ, ಫೋನ್ ಕರೆಗಳ ವಿವರವಾಗಲಿ ಕೈಗೆ ಸಿಗುವುದಿಲ್ಲ. ಅವರ ಬಲವಿರುವುದು ದಿನದ ಕೆಲಸದಲ್ಲಿ. ಮನೆಮನೆಗೆ ಹಾಲು ಹಾಕುವ ಹೆಂಗಸನ್ನು ಆರಿಸಿಕೊಂಡರೆ ಅವಳಿಗೆ ಬೆಳಗಿನ ಜಾವದಲ್ಲಿ ಪ್ರತಿ ಬಾಗಿಲೂ ಗೊತ್ತು.

ಈಗ ಸುಳಿವು. ಕೊಲೆ ನಡೆದ ರಾತ್ರಿಯ ನಿಜವನ್ನು ಗಂಟೆವಾರು ಬರೆದುಕೊಂಡು, ಕೊನೆಯಿಂದ ಹಿಂದಕ್ಕೆ ಬನ್ನಿ. ಸತ್ತವನ ಬಾಗಿಲಲ್ಲಿ ಬರಹವಿಲ್ಲ, ದೆವ್ವದ್ದೇ ಕೆಲಸವೆಂದು ಊರು ನಂಬಿದೆ. ಆದರೆ ಬಾಗಿಲಿಗೆಲ್ಲ ಕೆಂಪು ಧೂಳು ಕೂತಿದ್ದು, ಬರಹವಿರಬೇಕಾದ ಜಾಗ ಮಾತ್ರ ಒಂದು ಗೇಣಿನಷ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ ಸ್ವಚ್ಛವಾಗಿದೆ. ಹಿಂದಿನ ದಿನ ಅಲ್ಲಿ ಅಕ್ಷರವಿದ್ದದ್ದು ಹಾಲಿನವಳಿಗೆ ನೆನಪಿದೆ. ಅದೇ ರಾತ್ರಿ ಕೆರೆಯಾಚೆ ಇನ್ನೊಂದು ಮನೆಯ ಮುಂದೆ ದೆವ್ವ ಕೂಗಿದ್ದನ್ನು ಮೂವರು ಕೇಳಿದ್ದಾರೆ. ರಾತ್ರಿಗೆ ಒಂದೇ ಮನೆಯೆಂದ ಮೇಲೆ ದೆವ್ವ ಇಲ್ಲಿಗೆ ಬಂದಿರಲು ಸಾಧ್ಯವಿಲ್ಲ. ದೆವ್ವ ನಿಜ, ಕೊಲೆ ಮನುಷ್ಯರದು: ಈ ಪ್ರಕಾರದ ಸೊಗಸೆಲ್ಲ ಇಲ್ಲಿದೆ.

ಕೆಡುವುದು ಸಾಮಾನ್ಯವಾಗಿ ಕೊನೆಯ ಅಧ್ಯಾಯದಲ್ಲಿ. ದೆವ್ವಕ್ಕೆ ಅಲ್ಲಿ ಹೊಸ ಶಕ್ತಿ ಬಂದರೆ, ಇಲ್ಲವೇ ಸತ್ತವನೇ ಬಂದು ಕೊಲೆಗಾರನ ಹೆಸರು ಹೇಳಿದರೆ, ಓದುಗರಿಗೆ ಮೋಸವಾಯಿತು. 40 ಸಾವಿರ ಪದಗಳ ಕಾದಂಬರಿಯಾದರೆ ಮೊದಲ 10 ಸಾವಿರದೊಳಗೆ ನಾಲ್ಕೂ ನಿಯಮ ಬಂದಿರಲಿ. ಒರೆಸಿದ ಗುರುತಿನಂಥ ಮುಖ್ಯ ಸುಳಿವು ಎರಡು ಸಲ ಕಾಣಲಿ. ಮೊದಲ ಸಲ ಬೇರೆ ಗದ್ದಲದ ನಡುವೆ.

ಬರೆದು ಮುಗಿದ ಮೇಲೆ ಕೊನೆಯ ಅಧ್ಯಾಯ ತೆಗೆದಿಟ್ಟು ಉಳಿದದ್ದನ್ನು ಇಬ್ಬರು ಮೂವರಿಗೆ ಓದಲು ಕೊಡಿ. ಕೊಲೆಗಾರ ಯಾರೆಂದಷ್ಟೇ ಅಲ್ಲ, ಯಾವ ನಿಯಮದಿಂದ ಗೊತ್ತಾಯಿತೆಂದೂ ಕೇಳಿ. ಯಾರಿಗೂ ನಿಯಮ ನೆನಪಿಲ್ಲದಿದ್ದರೆ ತಿದ್ದಬೇಕಾದದ್ದು ಅಂತ್ಯವನ್ನಲ್ಲ, ಆರಂಭದ ಅಧ್ಯಾಯಗಳನ್ನು.