ಬೇಸ್‌ಬಾಲ್ ಆಟಗಾರನ ವೃತ್ತಿಜೀವನದ ಪಟ್ಟಿಯನ್ನು ಓದುವ ಬಗೆ

ರಾಹುಲ್ ದ್ರಾವಿಡ್ ಅವರ ಟೆಸ್ಟ್ ಸರಾಸರಿ 52.31 ಎಂಬುದು ಬಾಯಿಪಾಠವಾಗಿರುವ ಓದುಗರಿಗೆ, ಅಮೆರಿಕದ ಬೇಸ್‌ಬಾಲ್ ಪಟ್ಟಿಯಲ್ಲಿ ಇಚಿರೊ ಸುಜುಕಿಯಂಥ ದಿಗ್ಗಜನ ಸಾಲಿನಲ್ಲಿ .311 ಎಂದಿರುವುದನ್ನು ಕಂಡರೆ ಅಚ್ಚಿನ ತಪ್ಪಿರಬೇಕೆನಿಸುವುದು ಸಹಜ. ತಪ್ಪೇನೂ ಇಲ್ಲ, ಅಲ್ಲಿ ಸರಾಸರಿಯೆಂದರೆ ಔಟಾಗುವ ಮುನ್ನ ಗಳಿಸಿದ ರನ್ನುಗಳ ಲೆಕ್ಕವಲ್ಲ, ಎಷ್ಟು ಸಲಕ್ಕೆ ಎಷ್ಟು ಹಿಟ್ (ಚೆಂಡನ್ನು ಹೊಡೆದು ಔಟಾಗದೆ ಬೇಸ್, ಅಂದರೆ ಓಟದ ನಿಲ್ದಾಣ, ತಲುಪುವುದು) ಎಂಬ ಲೆಕ್ಕ.

ಮೊದಲು ನೋಡಬೇಕಾದದ್ದು ಕ್ರಿಕೆಟ್ಟಿನ ಸಿಕ್ಸರಿನಂಥ ಹೋಮ್ ರನ್ ಅಂಕಣವನ್ನಲ್ಲ, ಅಟ್-ಬ್ಯಾಟ್ (ಸರಾಸರಿಗೆ ಲೆಕ್ಕವಾಗುವ ಬ್ಯಾಟಿಂಗ್ ಸರದಿ) ಮತ್ತು ಹಿಟ್ ಎಂಬ ಎರಡು ಅಂಕಣಗಳನ್ನು. ಇಚಿರೊ ಸಿಯಾಟಲ್ ಮ್ಯಾರಿನರ್ಸ್ ಪರ ಆಡಿದ 2004ರ ಸಾಲನ್ನು ತೆಗೆದುಕೊಳ್ಳಿ: 704 ಅಟ್-ಬ್ಯಾಟ್, 262 ಹಿಟ್. ಹಿಟ್ಟುಗಳನ್ನು ಅಟ್-ಬ್ಯಾಟ್‌ನಿಂದ ಭಾಗಿಸಿದರೆ .372 ಬರುತ್ತದೆ. ಹತ್ತರಲ್ಲಿ ಮೂರು ಸಲ ಹಿಟ್ ಗಳಿಸಿದವನನ್ನೇ ಒಳ್ಳೆಯ ಬ್ಯಾಟರ್ ಎನ್ನುವ ಆಟದಲ್ಲಿ ಇದು ಅಸಾಮಾನ್ಯ ಅಂಕಿ. ಜಾರ್ಜ್ ಸಿಸ್ಲರ್ 1920ರಲ್ಲಿ ಸ್ಥಾಪಿಸಿದ್ದ, ಒಂದೇ ಋತುವಿನಲ್ಲಿ 257 ಹಿಟ್ಟುಗಳ ದಾಖಲೆಯನ್ನು ಇಚಿರೊ ಮುರಿದದ್ದು ಆ ವರ್ಷವೇ. ಆದರೆ ಸಿಸ್ಲರ್ ಕಾಲದಲ್ಲಿ ಋತುವಿಗೆ 154 ಪಂದ್ಯಗಳಿದ್ದವು, ಈಗ 162 ಇವೆ ಎಂಬುದನ್ನೂ ಪಕ್ಕದಲ್ಲಿಟ್ಟುಕೊಂಡು ಹೋಲಿಸುವುದು ನ್ಯಾಯ.

ಬ್ಯಾಟರ್ ಕ್ರೀಸಿಗೆ ಬಂದ ಪ್ರತಿ ಸಲವೂ ಅಟ್-ಬ್ಯಾಟ್ ಆಗುವುದಿಲ್ಲ ಎಂಬಲ್ಲಿಯೇ ಹೊಸಬರು ಎಡವುವುದು. ಚೆಂಡೆಸೆಯುವ ಪಿಚರ್ ನಾಲ್ಕು ಚೆಂಡುಗಳನ್ನು ಸ್ಟ್ರೈಕ್ ವಲಯದ (ಬ್ಯಾಟರ್ ಹೊಡೆಯಬಹುದಾದ ನಿಗದಿತ ಜಾಗದ) ಹೊರಗೆ ಎಸೆದು, ಬ್ಯಾಟರ್ ಅವನ್ನು ಮುಟ್ಟದೆ ಬಿಟ್ಟರೆ, ಅವನಿಗೆ ಮೊದಲ ಬೇಸ್ ಪುಕ್ಕಟೆಯಾಗಿ ಸಿಗುತ್ತದೆ, ಇದು 'ವಾಕ್'. ಇದು ಸರಾಸರಿಯ ಲೆಕ್ಕಕ್ಕೆ ಸೇರದು. ಆದ್ದರಿಂದ ಸರಾಸರಿಯ ಪಕ್ಕದ ಆನ್-ಬೇಸ್ ಶೇಕಡಾವಾರನ್ನು (ವಾಕ್ ಸೇರಿಸಿ ಎಷ್ಟು ಸಲ ಬೇಸ್ ತಲುಪಿದ ಎಂಬ ಲೆಕ್ಕವನ್ನು) ತಪ್ಪದೆ ಓದಬೇಕು. ಅದೇ 2004ರಲ್ಲಿ ಹೋಮ್ ರನ್‌ಗಳಿಗೆ ಹೆಸರಾದ ಬ್ಯಾರಿ ಬಾಂಡ್ಸ್ ಗಳಿಸಿದ ಹಿಟ್ಟುಗಳು 135 ಮಾತ್ರ, ಅಂದರೆ ಇಚಿರೊನ ಅರ್ಧದಷ್ಟಕ್ಕಿಂತ ತುಸು ಹೆಚ್ಚು. ಆದರೆ ಪಿಚರ್‌ಗಳು ಹೆದರಿ 232 ವಾಕ್ ಕೊಟ್ಟಿದ್ದರಿಂದ ಅವನ ಆನ್-ಬೇಸ್ .609ಕ್ಕೇರಿತು, 49 ವಾಕ್ ಮಾತ್ರ ಪಡೆದ ಇಚಿರೊನದು .414. ಹಿಟ್ ಅಂಕಣವೊಂದನ್ನೇ ನಂಬಿದವರು ಇವರಿಬ್ಬರಲ್ಲಿ ಒಬ್ಬನನ್ನು ಅರ್ಥಮಾಡಿಕೊಳ್ಳಲಾರರು.

ಬಳಿಕ ಇಚಿರೊನ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದಿ. 2001ರಿಂದ 2010ರವರೆಗೆ ಪ್ರತಿ ವರ್ಷ 200ಕ್ಕೂ ಹೆಚ್ಚು ಹಿಟ್, 2011ರಲ್ಲಿ 184: ವಯಸ್ಸು ಎಲ್ಲಿ ಕಾಣಿಸಿಕೊಂಡಿತು ಎಂಬುದು ಬೇರೆ ವಿವರಣೆಯಿಲ್ಲದೆಯೇ ತಿಳಿಯುತ್ತದೆ. 2012ಕ್ಕೆ ಬಂದಾಗ ಎಚ್ಚರವಿರಲಿ. ಆ ವರ್ಷ ಅವನು ಋತುವಿನ ನಡುವೆ ನ್ಯೂಯಾರ್ಕ್ ಯಾಂಕೀಸ್‌ಗೆ ಹೋದುದರಿಂದ, ಸಿಯಾಟಲ್‌ನ 105 ಹಿಟ್ಟಿಗೊಂದು, ಯಾಂಕೀಸ್‌ನ 73 ಹಿಟ್ಟಿಗೊಂದು, ಒಟ್ಟು 178ಕ್ಕೆ ಮತ್ತೊಂದು ಎಂದು ಮೂರು ಸಾಲುಗಳಿರಬಹುದು. ಕಣ್ಣುಮುಚ್ಚಿ ಕೂಡಿಸಿದರೆ ಒಂದೇ ಹಿಟ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಜಪಾನಿನಲ್ಲಿ ಒರಿಕ್ಸ್ ತಂಡದ ಪರ ಇಚಿರೊ ಗಳಿಸಿದ 1,278 ಹಿಟ್ಟುಗಳು ಅಮೆರಿಕದ ಪಟ್ಟಿಯ 3,089ರಲ್ಲಿ ಸೇರಿಲ್ಲ. ಎರಡನ್ನೂ ಕೂಡಿಸಿದರೆ 4,367. ಅಮೆರಿಕದ ದಾಖಲೆಯಾದ ಪೀಟ್ ರೋಸ್‌ನ 4,256ಕ್ಕಿಂತ ಹೆಚ್ಚು. ಹೀಗೆ ಕೂಡಿಸಬಹುದೇ ಎಂಬ ವಾದ ಹಳೆಯದು. ಎರಡು ಬೇರೆ ಲೀಗುಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಲೇಸೆಂದು ನನ್ನ ಅಭಿಪ್ರಾಯ.

ಕೊನೆಯ ಸಾಲನ್ನು ಸೊನ್ನೆಯಿದೆಯೆಂದು ದಾಟಿ ಹೋಗಬೇಡಿ. 2019: ಪಂದ್ಯ 2, ಅಟ್-ಬ್ಯಾಟ್ 5, ಹಿಟ್ 0. ಆ ಎರಡೂ ಪಂದ್ಯಗಳನ್ನು ಮ್ಯಾರಿನರ್ಸ್ ಆಡಿದ್ದು ಟೋಕಿಯೊ ಡೋಮ್‌ನಲ್ಲಿ, ಅವನ ತಾಯ್ನಾಡಿನ ಜನರ ಎದುರಿಗೆ. ಆ ಊರಿನ ಹೆಸರಿಗೆ ಪಟ್ಟಿಯಲ್ಲಿ ಅಂಕಣವೇ ಇಲ್ಲ.