ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್: ಹುಲ್ಲಲ್ಲಿ ಗಂಟೆಗಟ್ಟಲೆ ಸುತ್ತದೆ ಲೀಗ್ ಗೆಲ್ಲುವುದು ಹೇಗೆ

ಪೋಕೆಮಾನ್ ಅನ್ನುವ ಜೀವಿಗಳನ್ನು ಹಿಡಿದು, ಬೆಳೆಸಿ, ಕಾದಾಡಿಸುವ ವಿಡಿಯೋ ಗೇಮ್ ಸರಣಿಯ ಗೋಲ್ಡ್ ಮತ್ತು ಸಿಲ್ವರ್ 1999ರಲ್ಲಿ ಬಂದವು. ಅವನ್ನೇ ಹೊಸದಾಗಿ ಕಟ್ಟಿ ನಿಂಟೆಂಡೋ ಡಿಎಸ್‌ಗೆ ತಂದಿದ್ದು ಹಾರ್ಟ್‌ಗೋಲ್ಡ್ ಮತ್ತು ಸೋಲ್‌ಸಿಲ್ವರ್. ಜಪಾನಿನಲ್ಲಿ 2009ರಲ್ಲಿ, ಬೇರೆ ಕಡೆ 2010ರಲ್ಲಿ. ಎರಡು ಪ್ರದೇಶ, ಹದಿನಾರು ಬ್ಯಾಡ್ಜ್ (ಜಿಮ್ ಅನ್ನುವ ಅಖಾಡದ ನಾಯಕರನ್ನು ಸೋಲಿಸಿದರೆ ಸಿಗುವ ಪದಕ), ಹಿಂದೆ ಹಿಂದೆ ನಡೆದು ಬರುವ ಪೋಕೆಮಾನ್. ಇವತ್ತಿಗೂ ಸರಣಿಯಲ್ಲಿ ಇದೇ ಬೆಸ್ಟ್ ಅನ್ನುವವರು ಜಾಸ್ತಿ, ನಾನೂ ಅದೇ ಗುಂಪು. ಆದರೆ ಅರ್ಧಕ್ಕೆ ಬಿಟ್ಟವರೂ ಕಡಿಮೆಯೇನಿಲ್ಲ. ಅದಕ್ಕೆ ಕಾರಣ ಒಂದೇ: ಲೆವೆಲ್, ಅಂದರೆ ಪೋಕೆಮಾನ್ ಎಷ್ಟು ಬೆಳೆದಿದೆ ಅನ್ನುವ ಅಂಕಿ.

ಲೆಕ್ಕ ನೋಡಿ. ನಾಲ್ಕನೇ ಜಿಮ್‌ನ ಮಾರ್ಟಿಯ ಗೆಂಗಾರ್ ಲೆವೆಲ್ 25. ಮುಂದಿನ ಮೂರು ಜಿಮ್‌ಗಳಲ್ಲಿ ಚಕ್‌ನ ಪಾಲಿವ್ರಾತ್ 31, ಜಾಸ್ಮಿನ್‌ಳ ಸ್ಟೀಲಿಕ್ಸ್ 35, ಪ್ರೈಸ್‌ನ ಪಿಲೋಸ್ವೈನ್ 34. ನಾಲ್ಕನೇ ಬ್ಯಾಡ್ಜ್ ಆದ ಮೇಲೆ ನೀವು ಪಶ್ಚಿಮಕ್ಕೂ ಹೋಗಬಹುದು, ಪೂರ್ವಕ್ಕೂ ಹೋಗಬಹುದು. ಯಾವ ಕಡೆ ಹೋದರೂ ಹೊಡೆತ ತಿನ್ನಬಾರದು ಅಂತ ಎರಡೂ ಕಡೆ ಲೆವೆಲ್ ಕೆಳಗೇ ಇಟ್ಟಿದ್ದಾರೆ. ಸ್ವಾತಂತ್ರ್ಯ ಒಳ್ಳೆಯದೇ, ಆದರೆ ಅದರ ಬಿಲ್ ಕೊನೆಯಲ್ಲಿ ಬರುತ್ತದೆ. ಎಂಟನೇ ಜಿಮ್‌ನಲ್ಲಿ ಕ್ಲೇರ್‌ಳ ಕಿಂಗ್‌ಡ್ರಾ 41, ಎಂಟು ಬ್ಯಾಡ್ಜ್ ಆದ ಮೇಲಿನ ಅಂತಿಮ ಪಂದ್ಯಗಳಾದ ಲೀಗ್‌ನ ಕೊನೆಯಲ್ಲಿ ಚಾಂಪಿಯನ್ ಲ್ಯಾನ್ಸ್‌ನ ಡ್ರಾಗನೈಟ್ 50. ನಿಮ್ಮ ತಂಡ ಮೂವತ್ತರ ಆಸುಪಾಸಿನಲ್ಲಿ ನಿಂತಿರುತ್ತದೆ, ಸುತ್ತಲಿನ ಕಾಡು ಪೋಕೆಮಾನ್‌ಗಳನ್ನು ಹೊಡೆದರೆ ಸಿಗುವ, ಲೆವೆಲ್ ಏರಿಸುವ ಎಕ್ಸ್‌ಪೀರಿಯನ್ಸ್ ಮೂಗಿಗೆ ಸವರಿದಷ್ಟು.

ಹಾಗಂತ ಕಾಡು ಪೋಕೆಮಾನ್ ಸಿಗುವ ಹುಲ್ಲಲ್ಲಿ ಸುತ್ತಿ ಸುತ್ತಿ ಸಾಯಬೇಕಿಲ್ಲ. ಬೇಕಾದ್ದನ್ನು ಆಟವೇ ಅಲ್ಲಲ್ಲಿ ಇಟ್ಟಿದೆ. ಎಲ್ಲಿದೆ ಅಂತ ಗೊತ್ತಿರಬೇಕು, ಅಷ್ಟೇ.

ಶುರುಮಾಡುವ ಮುಂಚೆ

ಹಳೆಯ ಕಾರ್ಟ್ರಿಡ್ಜ್ ಕೊಳ್ಳುವುದಾದರೆ ಬೆಳಕಿಗೆ ಹಿಡಿದು ನೋಡಿ. ಈ ಆಟದ ಜೊತೆ ಪೋಕೆವಾಕರ್ ಅಂತ ಒಂದು ಹೆಜ್ಜೆ ಎಣಿಸುವ ಸಾಧನ ಬರುತ್ತಿತ್ತು. ಅದರ ಜೊತೆ ಮಾತಾಡಲು ಕಾರ್ಟ್ರಿಡ್ಜ್ ಒಳಗೇ ಇನ್‌ಫ್ರಾರೆಡ್ ಇದೆ. ಹಾಗಾಗಿ ಅಸಲಿಯ ಪ್ಲಾಸ್ಟಿಕ್ ಕಪ್ಪಗಿದ್ದರೂ ಬೆಳಕಿಗೆ ಹಿಡಿದರೆ ಸ್ವಲ್ಪ ಪಾರದರ್ಶಕವಾಗಿ ಕಾಣುತ್ತದೆ. ಬೇರೆ ಡಿಎಸ್ ಆಟಗಳ ಹಾಗೆ ಮಾಮೂಲಿ ಬೂದು ಬಣ್ಣದಲ್ಲಿದ್ದರೆ ಅದು ನಕಲಿ. ನಕಲಿಯಲ್ಲಿ ಸೇವ್ ಕೈಕೊಟ್ಟರೆ ಆಡಿದ್ದೆಲ್ಲ ನೀರುಪಾಲು. ಡಿಎಸ್, ಡಿಎಸ್ ಲೈಟ್, ಡಿಎಸ್‌ಐ, 3ಡಿಎಸ್ ಎಲ್ಲದರಲ್ಲೂ ಇದು ಓಡುತ್ತದೆ.

ಇನ್ನೊಂದು ವಿಷಯ. ನಿಂಟೆಂಡೋ ಡಿಎಸ್‌ನ ಆನ್‌ಲೈನ್ ಸೇವೆಯನ್ನು 2014ರ ಮೇ ತಿಂಗಳಲ್ಲೇ ನಿಲ್ಲಿಸಿದ್ದಾರೆ. ಎರಡನೇ ಡಿಎಸ್ ಇಟ್ಟುಕೊಂಡ ಗೆಳೆಯರಿಲ್ಲದಿದ್ದರೆ ಟ್ರೇಡ್ (ಅದಲುಬದಲು) ಮಾಡಿದರೆ ಮಾತ್ರ ಇವಾಲ್ವ್ ಆಗುವ, ಅಂದರೆ ಮುಂದಿನ ರೂಪಕ್ಕೆ ಬೆಳೆಯುವ ಪೋಕೆಮಾನ್‌ಗಳು ನಿಮಗೆ ಪೂರ್ತಿ ಸಿಗುವುದಿಲ್ಲ. ಕಡಾಬ್ರಾ, ಹಾಂಟರ್, ಗ್ರಾವೆಲರ್, ಮಚೋಕ್ ಎಲ್ಲ ಅಲ್ಲೇ ನಿಲ್ಲುತ್ತವೆ. ತಂಡ ಕಟ್ಟುವಾಗ ಇದು ನೆನಪಿರಲಿ.

ಮೊದಲ ಮೂರು ಜಿಮ್

ಸ್ಟಾರ್ಟರ್, ಅಂದರೆ ಶುರುವಲ್ಲೇ ಆರಿಸಿಕೊಳ್ಳುವ ಪೋಕೆಮಾನ್ ವಿಷಯದಲ್ಲಿ ನನ್ನ ಮಾತು ನೇರ: ಸಿಂಡಾಕ್ವಿಲ್ ಅಥವಾ ಟೋಟೋಡೈಲ್. ಚಿಕೋರಿಟಾ ಮುದ್ದಾಗಿದೆ ನಿಜ, ಆದರೆ ಮೊದಲ ಜಿಮ್ ಹಾರುವ ಟೈಪ್, ಎರಡನೆಯದು ಹುಳ, ಎರಡೂ ಚಿಕೋರಿಟಾದ ಹುಲ್ಲಿನ ಟೈಪ್‌ಗೆ ಆಗದವು. ಮುಂದೆ ಟೀಮ್ ರಾಕೆಟ್ ಅನ್ನುವ ಖಳರ ಗುಂಪು ತರುವ ವಿಷದ ಪೋಕೆಮಾನ್‌ಗಳೂ ಅದಕ್ಕೆ ಕಷ್ಟವೇ. ಬೇಕಂತಲೇ ಕಷ್ಟಪಟ್ಟು ಆಡುವ ಆಸೆ ಇದ್ದರೆ ತಗೊಳ್ಳಿ, ಬೇಡ ಅನ್ನಲ್ಲ.

ಯಾವುದೇ ಸ್ಟಾರ್ಟರ್ ಇರಲಿ, ಒಂದು ಜಿಯೋಡ್ಯೂಡ್ ಬೇಕೇ ಬೇಕು. ವಯಲೆಟ್ ಸಿಟಿಗೆ ಹೋಗುವ ದಾರಿಯಲ್ಲೇ ಡಾರ್ಕ್ ಕೇವ್ ಇದೆ, ಅಲ್ಲಿ ಸಿಗುತ್ತದೆ. ಅದು ಬೇಡ ಎಂದರೆ 31ನೇ ರೂಟ್‌ನಲ್ಲಿ ಬೆಲ್‌ಸ್ಪ್ರೌಟ್ ಹಿಡಿದು, ವಯಲೆಟ್ ಸಿಟಿಯ ಒಂದು ಮನೆಯಲ್ಲಿ ಕೊಟ್ಟರೆ ಬದಲಿಗೆ ಆನಿಕ್ಸ್ ಕೊಡುತ್ತಾರೆ. ಮೊದಲ ಜಿಮ್‌ನ ಫಾಲ್ಕ್‌ನರ್‌ನ ಹಕ್ಕಿಗಳಿಗೂ ಎರಡನೇ ಜಿಮ್‌ನ ಬಗ್ಸಿಯ ಸೈಥರ್‌ಗೂ ಕಲ್ಲಿನ ಟೈಪ್ ಎಂದರೆ ಆಗದು. ಸೈಥರ್ ಅಂತೂ ಹುಳ ಮತ್ತು ಹಾರುವ ಟೈಪ್ ಎರಡೂ ಆಗಿರುವುದರಿಂದ ಕಲ್ಲಿನ ಏಟು ನಾಲ್ಕು ಪಟ್ಟು ಬೀಳುತ್ತದೆ.

ಆಮೇಲೆ ಬರುತ್ತಾಳೆ ಮೂರನೇ ಜಿಮ್‌ನ ವಿಟ್ನಿ. ಗೋಲ್ಡನ್‌ರಾಡ್ ಸಿಟಿಯ ಈ ಹುಡುಗಿಯ ಮಿಲ್‌ಟ್ಯಾಂಕ್ ಎಷ್ಟು ಜನರನ್ನು ಅಳಿಸಿದೆಯೋ ಲೆಕ್ಕವಿಲ್ಲ. ರೋಲ್‌ಔಟ್ ಮೂವ್ ತಾಗುತ್ತಾ ಹೋದಂತೆ ಪ್ರತಿ ಸಲ ದುಪ್ಪಟ್ಟಾಗುತ್ತದೆ. ನೀವು ಅರ್ಧ ಜೀವ ಇಳಿಸಿದರೆ ಮಿಲ್ಕ್ ಡ್ರಿಂಕ್ ಕುಡಿದು ಮತ್ತೆ ತುಂಬಿಕೊಳ್ಳುತ್ತದೆ. ನಿಮ್ಮದು ಗಂಡು ಪೋಕೆಮಾನ್ ಆದರೆ ಅಟ್ರಾಕ್ಟ್ ಹಾಕಿ ಮರುಳು ಮಾಡುತ್ತದೆ. ಭೂತದ ಟೈಪ್‌ಗೆ ನಾರ್ಮಲ್ ಏಟು ತಾಗುವುದಿಲ್ಲ ಅಂತ ಗ್ಯಾಸ್ಟ್ಲಿ ತರೋಣ ಅಂದುಕೊಂಡರೆ ಅದಕ್ಕೂ ಕತ್ತರಿ: ಈ ಮಿಲ್‌ಟ್ಯಾಂಕ್‌ಗೆ ಸ್ಕ್ರ್ಯಾಪಿ ಅನ್ನುವ ಗುಣವಿದೆ, ಅದರ ಸ್ಟಾಂಪ್ ಭೂತಕ್ಕೂ ತಾಗುತ್ತದೆ.

ಮದ್ದು ಅದೇ ಊರಲ್ಲಿದೆ. 34 ಅಥವಾ 35ನೇ ರೂಟ್‌ನಲ್ಲಿ ಡ್ರೌಝಿ ಹಿಡಿಯಿರಿ, ಡಿಪಾರ್ಟ್‌ಮೆಂಟ್ ಸ್ಟೋರ್‌ನ ಐದನೇ ಮಹಡಿಗೆ ಹೋಗಿ ಅದನ್ನು ಕೊಟ್ಟು ಮಚಾಪ್ ತಗೊಳ್ಳಿ. ಈ ಮಚಾಪ್ ಹೆಣ್ಣು, ಹಾಗಾಗಿ ಅಟ್ರಾಕ್ಟ್ ಆಟ ನಡೆಯುವುದಿಲ್ಲ. ಫೈಟಿಂಗ್ ಟೈಪ್, ಹಾಗಾಗಿ ರೋಲ್‌ಔಟ್ ಅರ್ಧವೇ ತಾಗುತ್ತದೆ. ಟ್ರೇಡ್‌ನಲ್ಲಿ ಬಂದಿದ್ದು, ಹಾಗಾಗಿ ಎಕ್ಸ್‌ಪೀರಿಯನ್ಸ್ ಒಂದೂವರೆ ಪಟ್ಟು. ನಿಮ್ಮ ಜಿಯೋಡ್ಯೂಡ್‌ಗೂ ಸ್ಟಾಂಪ್, ರೋಲ್‌ಔಟ್ ಎರಡೂ ಅರ್ಧ ಅರ್ಧ ಮಾತ್ರ. ಮೊದಲು ಜಿಯೋಡ್ಯೂಡ್ ನಿಲ್ಲಿಸಿ ಏಟು ತಿನ್ನಿಸಿ, ಆಮೇಲೆ ಮಚಾಪ್ ಬಿಟ್ಟು ಮುಗಿಸಿ. ಸೋತ ವಿಟ್ನಿ ಅಳುತ್ತಾ ಕೂತು ಬ್ಯಾಡ್ಜ್ ಕೊಡುವುದಿಲ್ಲ, ಗಾಬರಿಯಾಗಬೇಡಿ. ಬಾಗಿಲ ಕಡೆ ನಡೆಯಿರಿ, ಒಂದು ಹುಡುಗಿ ಬಂದು ಮಾತಾಡುತ್ತಾಳೆ. ವಾಪಸ್ ಹೋಗಿ ಕೇಳಿದರೆ ಕೊಡುತ್ತಾಳೆ.

ಮಧ್ಯದ ದೂರ

ಇಲ್ಲಿಂದ ಎಲ್ಲರೂ ಮಾಡುವ ಕೆಲಸ ಏನೆಂದರೆ ಸ್ಟಾರ್ಟರ್ ಒಂದನ್ನೇ ಸಾಕುವುದು. ಅದು ಕೊನೆಯಲ್ಲಿ ಕೈಕೊಡುತ್ತದೆ. ಹಾಗಂತ ಆರನ್ನೂ ಸಮ ಸಮ ಬೆಳೆಸಲು ಹೋದರೆ ಯಾವುದೂ ಬೆಳೆಯುವುದಿಲ್ಲ. ನಾಲ್ಕು ಪೋಕೆಮಾನ್ ಮೇಲೆ ಗಮನ ಇಡಿ. ಉಳಿದ ಎರಡು ಜಾಗ ಸರ್ಫ್, ಸ್ಟ್ರೆಂತ್, ವರ್ಲ್‌ಪೂಲ್ ಅಂತ ಎಚ್‌ಎಂ (ದಾರಿ ದಾಟಲು ಬೇಕಾಗುವ ಮೂವ್‌ಗಳು) ಹೊರಲು ಇರಲಿ. ಈ ಆಟದಲ್ಲಿ ಎಚ್‌ಎಂ ಎಂಟಿವೆ, ಒಳ್ಳೆಯ ಹೋರಾಟಗಾರನಿಗೆ ಅವನ್ನೆಲ್ಲ ತುಂಬಿದರೆ ಅವನ ಕೈಕಾಲು ಕಟ್ಟಿದ ಹಾಗೆ.

ಆ ನಾಲ್ಕರಲ್ಲಿ ಒಂದು ಮರೀಪ್ ಇರಲಿ. 32ನೇ ರೂಟ್‌ನಲ್ಲಿ ಸಿಗುವ ಈ ಕುರಿ ಲೆವೆಲ್ 15ಕ್ಕೆ ಫ್ಲಾಫಿ, 30ಕ್ಕೆ ಆಂಫರೋಸ್ ಆಗುತ್ತದೆ. ಅದಕ್ಕೆ ಟ್ರೇಡ್ ಬೇಡ, ಇವಾಲ್ವ್ ಮಾಡಿಸುವ ಕಲ್ಲೂ ಬೇಡ. ಇನ್ನೊಂದು ಲಾಪ್ರಾಸ್. ಸರ್ಫ್ ಸಿಕ್ಕ ಮೇಲೆ ಶುಕ್ರವಾರ ಯೂನಿಯನ್ ಕೇವ್‌ನ ತೀರಾ ಕೆಳಗಿನ ಅಂತಸ್ತಿಗೆ ಹೋಗಿ, ಲೆವೆಲ್ 20ರ ಲಾಪ್ರಾಸ್ ನೀರಲ್ಲಿ ಕಾಯುತ್ತಿರುತ್ತದೆ. ಬೇರೆ ದಿನ ಇರುವುದಿಲ್ಲ. 32ನೇ ಲೆವೆಲ್‌ಗೆ ಅದು ಐಸ್ ಬೀಮ್ ಕಲಿಯುತ್ತದೆ. ಲ್ಯಾನ್ಸ್ ಹತ್ತಿರ ಮೂರು ಡ್ರಾಗನೈಟ್ ಇವೆ, ಮೂರಕ್ಕೂ ಮಂಜು ನಾಲ್ಕು ಪಟ್ಟು. ಬೇರೆ ವಿವರಣೆ ಬೇಕಾ?

ಲೇಕ್ ಆಫ್ ರೇಜ್‌ನ ಕೆಂಪು ಗ್ಯಾರಡೋಸ್ ಲೆವೆಲ್ 30, ಅದನ್ನು ಹಿಡಿದು ತಂಡಕ್ಕೆ ಹಾಕಿಕೊಳ್ಳಿ. ಅದರ ಜೊತೆ ಬರುವ ರೆಡ್ ಸ್ಕೇಲ್ ಅನ್ನು ಜನ ಬ್ಯಾಗಿನಲ್ಲೇ ಮರೆತುಬಿಡುತ್ತಾರೆ. 30ನೇ ರೂಟ್‌ನಲ್ಲಿರುವ ಮಿಸ್ಟರ್ ಪೋಕೆಮಾನ್ ಮನೆಗೆ ಅದನ್ನು ತಂದುಕೊಟ್ಟರೆ ಎಕ್ಸ್‌ಪಿ ಶೇರ್ ಕೊಡುತ್ತಾನೆ. ಹೊಸ ಆಟಗಳ ಹಾಗೆ ಇಡೀ ತಂಡಕ್ಕೆ ಹಂಚುವುದಿಲ್ಲ ಇದು. ಹಿಡಿದುಕೊಂಡ ಒಂದು ಪೋಕೆಮಾನ್‌ಗೆ ಅರ್ಧ ಪಾಲು. ಲಾಪ್ರಾಸ್ ಕೈಗೆ ಕೊಟ್ಟು ಮುಂದೆ ನಡೆಯಿರಿ.

ದಾರಿಯಲ್ಲಿ ಟ್ರೇನರ್‌ಗಳನ್ನು ತಪ್ಪಿಸಬೇಡಿ. ಟ್ರೇನರ್‌ನ ಪೋಕೆಮಾನ್ ಕೊಡುವ ಎಕ್ಸ್‌ಪೀರಿಯನ್ಸ್ ಅದೇ ಲೆವೆಲ್‌ನ ಕಾಡು ಪೋಕೆಮಾನ್‌ಗಿಂತ ಒಂದೂವರೆ ಪಟ್ಟು ಇರುತ್ತದೆ. ನಂಬರ್ ಕೊಡುತ್ತೇನೆ ಅಂದವರದ್ದೆಲ್ಲ ಆಟದೊಳಗಿನ ಫೋನ್ ಆದ ಪೋಕೆಗಿಯರ್‌ನಲ್ಲಿ ಇಟ್ಟುಕೊಳ್ಳಿ. ಸುಮ್ನೆ ಹರಟೆಗೆ ಫೋನ್ ಮಾಡುವವರ ಕಾಟ ಇದ್ದೇ ಇದೆ, ಆದರೆ ಅವರೇ ಆಮೇಲೆ ಮರುಪಂದ್ಯಕ್ಕೂ ಕರೆಯುತ್ತಾರೆ.

ಕ್ಲೇರ್‌ಳನ್ನು ಸೋಲಿಸಿ ಡ್ರ್ಯಾಗನ್ಸ್ ಡೆನ್‌ನಲ್ಲಿ ಹಿರಿಯರ ಪ್ರಶ್ನೆಗಳಿಗೆ ಉತ್ತರಿಸುವಾಗ ಪೋಕೆಮಾನ್ ಮೇಲೆ ಪ್ರೀತಿ ಇರುವವರು ಏನು ಹೇಳುತ್ತಾರೋ ಅದನ್ನೇ ಹೇಳಿ. ಬ್ಯಾಡ್ಜ್ ಸಿಕ್ಕ ಮೇಲೆ ಮತ್ತೊಮ್ಮೆ ಹೋಗಿ ಮಾತಾಡಿಸಿದರೆ ಡ್ರಾಟಿನಿ ಕೊಡುತ್ತಾರೆ. ಎಲ್ಲ ಉತ್ತರವೂ ಸರಿ ಇದ್ದರೆ ಆ ಡ್ರಾಟಿನಿಗೆ ಎಕ್ಸ್‌ಟ್ರೀಮ್‌ಸ್ಪೀಡ್ ಗೊತ್ತಿರುತ್ತದೆ. ಅಂದ ಹಾಗೆ ಡ್ರಾಗನೇರ್ ಡ್ರಾಗನೈಟ್ ಆಗುವುದು 55ನೇ ಲೆವೆಲ್‌ಗೆ. ಲ್ಯಾನ್ಸ್‌ನ ಡ್ರಾಗನೈಟ್‌ಗಳು 49, 50. ಹೇಗೆ ಅಂತ ಕೇಳಬೇಡಿ, ಅವನು ಚಾಂಪಿಯನ್.

ಲೀಗ್ ಬಾಗಿಲಲ್ಲಿ

ಈಗ ದೊಡ್ಡ ಸಹಾಯ ಬರುತ್ತದೆ. ಎಕ್ರುಟೀಕ್‌ನ ಕಿಮೋನೋ ಹುಡುಗಿಯರು ಐವರನ್ನೂ ಸೋಲಿಸಬೇಕು, ಒಬ್ಬೊಬ್ಬಳ ಹತ್ತಿರ ಈವೀಯ ಒಂದೊಂದು ರೂಪ. ಆಮೇಲೆ ಹಾರ್ಟ್‌ಗೋಲ್ಡ್‌ನಲ್ಲಾದರೆ ಬೆಲ್ ಟವರ್ ಮೇಲೆ ಹೋ-ಓಹ್, ಸೋಲ್‌ಸಿಲ್ವರ್‌ನಲ್ಲಾದರೆ ವರ್ಲ್ ಐಲೆಂಡ್ಸ್ ಒಳಗೆ ಲೂಗಿಯಾ. ಎರಡೂ ಲೆವೆಲ್ 45. ಲೀಗ್‌ನ ಮೊದಲ ಎದುರಾಳಿ ವಿಲ್‌ನ ಪೋಕೆಮಾನ್‌ಗಳು 40ರಿಂದ 42. ಅಂದರೆ ಕೊರತೆ ಬಿದ್ದ ಜಾಗದಲ್ಲೇ ಆಟ ನಿಮ್ಮ ಕೈಗೆ ಒಂದು ತಯಾರಾದ ಪೋಕೆಮಾನ್ ಇಡುತ್ತಿದೆ. ಎದುರಿಗೆ ಹೋಗುವ ಮುಂಚೆ ಸೇವ್ ಮಾಡಿ, ಅಲ್ಟ್ರಾ ಬಾಲ್ ಧಾರಾಳವಾಗಿ ತಗೊಂಡು ಹೋಗಿ, ಹಿಡಿದು ತಂಡಕ್ಕೆ ಸೇರಿಸಿ. ಲೆಜೆಂಡರಿ ಬಳಸಿದರೆ ಅದೇನು ಗೆಲುವು ಅನ್ನುವವರು ಇದ್ದಾರೆ. ಅವರು ಬೇಕಾದರೆ ವಿಕ್ಟರಿ ರೋಡ್‌ನಲ್ಲಿ ಸುತ್ತಲಿ.

ಎಂಟನೇ ಬ್ಯಾಡ್ಜ್ ಆದ ಮೇಲೆ ಪ್ರೊಫೆಸರ್ ಎಲ್ಮ್ ಯಾವ ಕಾಡು ಪೋಕೆಮಾನ್ ಆದರೂ ತಪ್ಪದೆ ಹಿಡಿಯುವ ಮಾಸ್ಟರ್ ಬಾಲ್ ಕೊಡುತ್ತಾರೆ. ಅದನ್ನು ಇಲ್ಲಿ ಖರ್ಚು ಮಾಡಬೇಡಿ. ಊರೂರು ಅಲೆಯುತ್ತಾ, ಎದುರಾದ ತಕ್ಷಣ ಓಡಿಹೋಗುವ ರೈಕೌ ಇಲ್ಲವೇ ಎಂಟೇಗೆ ಇರಲಿ. ಇವೆರಡೂ ಲೆವೆಲ್ 40. ನಿಮ್ಮ ಮೊದಲ ಪೋಕೆಮಾನ್ ಲೆವೆಲ್ 39 ಇಟ್ಟು ರಿಪೆಲ್ (ಅದಕ್ಕಿಂತ ಕಡಿಮೆ ಲೆವೆಲ್‌ನ ಕಾಡು ಪೋಕೆಮಾನ್ ದೂರವಿಡುವ ಸ್ಪ್ರೇ) ಹಾಕಿಕೊಂಡು ನಡೆದರೆ ಸಣ್ಣಪುಟ್ಟವೆಲ್ಲ ದೂರ, ಇವು ಮಾತ್ರ ಎದುರಾಗುತ್ತವೆ. ಮಾಸ್ಟರ್ ಬಾಲ್ ಒಂದೇ ಇರುವುದರಿಂದ ಇನ್ನೊಂದಕ್ಕೆ ಬಿಳಿ ಏಪ್ರಿಕಾರ್ನ್ ಕಾಯಿಗಳನ್ನು ಅಜೇಲಿಯಾ ಟೌನ್‌ನ ಕರ್ಟ್‌ಗೆ ಕೊಟ್ಟು ಫಾಸ್ಟ್ ಬಾಲ್ ಮಾಡಿಸಿ. ಮೂಲ ಗೋಲ್ಡ್, ಸಿಲ್ವರ್‌ನಲ್ಲಿ ಈ ಬಾಲ್‌ನ ಪ್ರೋಗ್ರಾಂ ಕೆಟ್ಟಿತ್ತು, ಮೂರೇ ಮೂರು ಪೋಕೆಮಾನ್ ಮೇಲೆ ಕೆಲಸ ಮಾಡುತ್ತಿತ್ತು. ರಿಮೇಕ್‌ನಲ್ಲಿ ಸರಿಪಡಿಸಿದ್ದಾರೆ, ವೇಗ ಜಾಸ್ತಿ ಇರುವ ಪೋಕೆಮಾನ್ ಎಲ್ಲದಕ್ಕೂ ನಡೆಯುತ್ತದೆ.

ಲೀಗ್‌ನಲ್ಲಿ ಸೋತರೆ ಬೇಜಾರಾಗಬೇಡಿ. ಸೋತಾಗ ಹೋಗುವುದು ದುಡ್ಡು ಮಾತ್ರ, ಗಳಿಸಿದ ಎಕ್ಸ್‌ಪೀರಿಯನ್ಸ್ ಉಳಿಯುತ್ತದೆ. ಹಾಗಾಗಿ ಲೀಗೇ ನಿಮ್ಮ ಗರಡಿಮನೆ. ವಿಲ್‌ನನ್ನು ಗ್ಯಾರಡೋಸ್‌ನ ಬೈಟ್‌ನಿಂದ ಕೆಡವಿ, ಎಷ್ಟು ದೂರ ಆಗುತ್ತೋ ಅಷ್ಟು ದೂರ ಹೋಗಿ, ಸೋತರೆ ಮತ್ತೆ ಶುರು. ನಾಲ್ಕೈದು ಸಲ ಹೀಗೆ ಮಾಡುವಷ್ಟರಲ್ಲಿ ತಂಡ ತಾನಾಗಿ ಮೇಲೆ ಬಂದಿರುತ್ತದೆ. ಲ್ಯಾನ್ಸ್‌ನ ಗ್ಯಾರಡೋಸ್‌ಗೆ ಆಂಫರೋಸ್, ಡ್ರಾಗನೈಟ್‌ಗಳಿಗೆ ಲಾಪ್ರಾಸ್, ಚಾರಿಜಾರ್ಡ್‌ಗೂ ಏರೋಡ್ಯಾಕ್ಟಿಲ್‌ಗೂ ಸರ್ಫ್.

ನಡುವೆ ಬೇಸರವಾದರೆ ಗೋಲ್ಡನ್‌ರಾಡ್‌ನ ಗೇಮ್ ಕಾರ್ನರ್ ಇದೆ. ಜಪಾನಿನ ಆವೃತ್ತಿಯಲ್ಲಿದ್ದ ಸ್ಲಾಟ್ ಮೆಷಿನ್ ತೆಗೆದು ಇಂಗ್ಲಿಷ್ ಆವೃತ್ತಿಯಲ್ಲಿ ವೋಲ್ಟಾರ್ಬ್ ಫ್ಲಿಪ್ ಹಾಕಿದ್ದಾರೆ. ಮುಚ್ಚಿಟ್ಟ ಕಾರ್ಡ್‌ಗಳ ಐದು ಸಾಲು, ಐದು ಕಂಬ. ಪ್ರತಿ ಸಾಲಿನ ಪಕ್ಕ ಅಂಕಗಳ ಮೊತ್ತ ಮತ್ತು ಬಾಂಬ್‌ಗಳ ಸಂಖ್ಯೆ ಬರೆದಿರುತ್ತದೆ. ಬಾಂಬ್ ಸೊನ್ನೆ ಇದ್ದರೆ ಪೂರ್ತಿ ತೆರೆಯಿರಿ. ಎರಡನ್ನೂ ಕೂಡಿದರೆ ಐದು ಬಂದರೆ ಅಲ್ಲಿ ಒಂದುಗಳು ಮತ್ತು ಬಾಂಬ್‌ಗಳು ಬಿಟ್ಟು ಬೇರೇನೂ ಇಲ್ಲ, ಮುಟ್ಟಬೇಡಿ. ಈ ಎರಡು ನಿಯಮದಲ್ಲೇ ಮುಕ್ಕಾಲು ಆಟ ಮುಗಿಯುತ್ತದೆ.

ಆಮೇಲೆ ರೆಡ್

ಎರಡನೇ ಪ್ರದೇಶವಾದ ಕ್ಯಾಂಟೋದ ಎಂಟು ಬ್ಯಾಡ್ಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಲೀಗ್ ಗೆದ್ದ ತಂಡಕ್ಕೆ ಅದು ಕಷ್ಟವೇನಲ್ಲ. ಹದಿನಾರೂ ಆದ ಮೇಲೆ ಪ್ರೊಫೆಸರ್ ಓಕ್ ಅವರನ್ನು ಕಾಣಿ, ರಾಕ್ ಕ್ಲೈಂಬ್ ಎಚ್‌ಎಂ ಕೊಡುತ್ತಾರೆ, ಮೌಂಟ್ ಸಿಲ್ವರ್ ದಾರಿ ತೆರೆಯುತ್ತದೆ. ಆದರೆ ತಕ್ಷಣ ಹತ್ತಬೇಡಿ. ಮೇಲೆ ಕಾಯುತ್ತಿರುವ ಆಟದ ಅತಿ ಬಲಶಾಲಿ ಎದುರಾಳಿ ರೆಡ್‌ನ ಪಿಕಾಚು ಲೆವೆಲ್ 88, ಉಳಿದವೆಲ್ಲ 80ರಿಂದ 84. ಈ ಹೊತ್ತಿಗೆ ಲೀಗ್‌ನವರೂ ಬಲಿತು ಕೂತಿರುತ್ತಾರೆ, ಲ್ಯಾನ್ಸ್‌ನ ದೊಡ್ಡ ಡ್ರಾಗನೈಟ್ 75. ಅಲ್ಲೇ ಮತ್ತೆ ಮತ್ತೆ ಆಡಿ ನಿಮ್ಮ ನಾಲ್ವರನ್ನು 70ರ ಮೇಲೆ ತನ್ನಿ.

ಆ ಶಿಖರದಲ್ಲಿ ಪಂದ್ಯವಿಡೀ ಆಲಿಕಲ್ಲು ಬೀಳುತ್ತಿರುತ್ತದೆ. ಮಂಜಿನ ಟೈಪ್ ಅಲ್ಲದ್ದಕ್ಕೆಲ್ಲ ಪ್ರತಿ ಸರದಿಗೂ ಸ್ವಲ್ಪ ಸ್ವಲ್ಪ ಜೀವ ಇಳಿಯುತ್ತದೆ, ಲಾಪ್ರಾಸ್‌ಗೆ ಮಾತ್ರ ಏನೂ ಆಗುವುದಿಲ್ಲ. ಪಿಕಾಚು ಎದುರು ಗ್ರಾವೆಲರ್ ಬಿಟ್ಟರೆ ವಿದ್ಯುತ್ ತಾಗುವುದಿಲ್ಲ ನಿಜ, ಆದರೆ ಐರನ್ ಟೇಲ್ ಎರಡು ಪಟ್ಟು ಬೀಳುತ್ತದೆ. ಕ್ವಾಗ್‌ಸೈರ್ ತಗೊಂಡು ಹೋಗಿ. ನೀರು ಮತ್ತು ನೆಲ ಎರಡೂ ಆಗಿರುವುದರಿಂದ ವಿದ್ಯುತ್ ಸೊನ್ನೆ, ಐರನ್ ಟೇಲ್ ಅರ್ಧ, ಅದರ ಅರ್ತ್‌ಕ್ವೇಕ್ ಒಂದೇ ಏಟಿಗೆ ಪಿಕಾಚು ಮಲಗುತ್ತದೆ. ವೀನಸಾರ್ ಬಂದ ತಕ್ಷಣ ಮಾತ್ರ ಕ್ವಾಗ್‌ಸೈರ್ ವಾಪಸ್ ಕರೆದುಕೊಳ್ಳಿ, ಹುಲ್ಲಿನ ಏಟು ಅದಕ್ಕೆ ನಾಲ್ಕು ಪಟ್ಟು.